ಮಗಳಿಗೊಂದು ಪತ್ರ: ನಮ್ಮ ಮದುವೆಯ ಕೆಲಸವನ್ನು ಊರಿಗೇಕೆ ಒಪ್ಪಿಸಿದೆ

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಪತ್ರ ತಲುಪಿತು. ನಮ್ಮ ಮದುವೆಗೆ ನೀನು ಮನಸಾರೆ ಒಪ್ಪಿರುವೆ ಎಂಬುದನ್ನು ಓದಿ ನನಗೆಷ್ಟು ಸಮಾಧಾನವಾಯಿತೆಂದರೆ, ಆ ಸಾಲನ್ನು ನನ್ನ ಕೈ ಹಿಡಿಯಲಿರುವವರಿಗೂ ಎರಡು ಸಲ ಓದಿ ಹೇಳಿದೆ. ಆದರೆ ನೋಂದಣಿ ಕಚೇರಿಯಲ್ಲಿ ಸಹಿ ಮಾಡಿ ಮುಗಿಸಬಹುದಲ್ಲ, ಊರವರಿಗೆಲ್ಲ ಏಕೆ ತೊಂದರೆ, ಬೇಕಾದರೆ ಹಣ ಕಳಿಸುತ್ತೇನೆ, ಎಲ್ಲವನ್ನೂ ಗುತ್ತಿಗೆಗೆ ಕೊಟ್ಟುಬಿಡೋಣ ಎಂದು ನೀನು ಬರೆದಿರುವುದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕೆನಿಸಿತು.

ಎಳೆಯ ವಯಸ್ಸಿನವರ ಮದುವೆಗೆ ತಂದೆತಾಯಿ, ಅಣ್ಣತಮ್ಮಂದಿರು, ಗೆಳೆಯ ಗೆಳತಿಯರು ಎಂದು ದೊಡ್ಡ ಬಳಗವೇ ಓಡಾಡುತ್ತದೆ. ನಮ್ಮ ವಯಸ್ಸಿಗೆ ಬರುವಷ್ಟರಲ್ಲಿ ಹಿರಿಯರು ತೀರಿಕೊಂಡಿರುತ್ತಾರೆ, ಮಕ್ಕಳು ದೂರದಲ್ಲಿರುತ್ತಾರೆ, ಒಡಹುಟ್ಟಿದವರಿಗೆ ಮೊದಲಿನ ಶಕ್ತಿಯಿರುವುದಿಲ್ಲ. ಆ ಜಾಗದಲ್ಲಿ ಈಗ ನೆರೆಹೊರೆಯವರು ಬಂದು ನಿಂತಿದ್ದಾರೆ. ಅಲ್ಲದೆ ಮದುವೆಯ ಮರುದಿನದಿಂದ ನಾವು ಬದುಕಬೇಕಾದದ್ದೂ ಇವರ ನಡುವೆಯೇ. ಇಷ್ಟು ಕಾಲ ನನ್ನನ್ನು ನಿನ್ನ ಅಪ್ಪನ ಹೆಂಡತಿಯಾಗಿ, ಅವರು ಹೋದ ಮೇಲೆ ಒಂಟಿ ಹೆಂಗಸಾಗಿ ಕಂಡ ಜನ ಇನ್ನು ಮುಂದೆ ನನ್ನ ಪಕ್ಕದಲ್ಲಿ ಬೇರೊಬ್ಬರನ್ನು ಕಾಣಬೇಕು. ಯಾರಿಗೂ ಹೇಳದೆ ಸಹಿ ಮಾಡಿ ಬಂದರೆ ಅದು ಊರಿಗೆ ಬರಿಯ ಸುದ್ದಿಯಾಗುತ್ತದೆ. ಅವರೇ ಕೈಯಾರೆ ಮಾಡಿದರೆ ಅವರ ಮನೆಯ ಕೆಲಸವೇ ಆಗುತ್ತದೆ.

‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೆ’ ಎಂದವರೂ ಇದ್ದಾರೆ. ಪ್ರಾಯಕ್ಕೆ ಬಂದ ಸ್ತ್ರೀಪುರುಷರಿಗೆ ಮದುವೆಯಾಗುವ ಹಕ್ಕಿದೆ ಎಂದು ಹೇಳುವ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 16ನೆಯ ವಿಧಿ, ಇಂತಿಷ್ಟು ವಯಸ್ಸಾದ ಮೇಲೆ ಆ ಹಕ್ಕು ಮುಗಿಯುತ್ತದೆ ಎಂದು ಎಲ್ಲಿಯೂ ಹೇಳಿಲ್ಲ. ಸಾಮಾಜಿಕ ಸಂಬಂಧಗಳನ್ನು ಕುರಿತ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಅದರಿಂದ ಪಾರ್ಶ್ವವಾಯು, ಹೃದ್ರೋಗ, ಮಧುಮೇಹಗಳ ಅಪಾಯವೂ ಹೆಚ್ಚುತ್ತದೆ. ನನ್ನ ಮಟ್ಟಿಗೆ ಕಾರಣ ಇದಕ್ಕಿಂತ ಸರಳವಾದದ್ದು: ಅವರ ಜೊತೆಗಿದ್ದಾಗ ನನಗೆ ಸಂತೋಷವಾಗುತ್ತದೆ. ನಿನ್ನ ಅಪ್ಪನ ಮೇಲಿನ ಪ್ರೀತಿ ಇದರಿಂದ ಒಂದಿಷ್ಟೂ ಕಡಿಮೆಯಾಗಿಲ್ಲ ಎಂಬುದು ಅವರಿಗೂ ಗೊತ್ತು. ತೀರಿಕೊಂಡ ತಮ್ಮ ಹೆಂಡತಿಯ ವಿಷಯವನ್ನು ಅವರು ನನ್ನೆದುರು ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ, ನಾನೂ ಹಾಗೆಯೇ.

ಇನ್ನು ಊರವರ ಕೆಲಸದ ಬಗೆ ಹೇಳುತ್ತೇನೆ, ನಿನಗೆ ಸಂತೋಷವಾದೀತು. ಹೊಲದ ಕೆಲಸ ಮುಗಿದು ಎಲ್ಲರಿಗೂ ಬಿಡುವಾಗುವ ದಿನವನ್ನೇ ಗೊತ್ತುಮಾಡಿದ್ದೇವೆ. ಪಕ್ಕದ ಮನೆಯ ಅಜ್ಜಿ ತಮ್ಮ ಊರುಗೋಲನ್ನು ನಮ್ಮ ಮೆಟ್ಟಿಲಿಗೆ ಒರಗಿಸಿ ಎತ್ತರ ಅಳೆದು, ‘ಮಂಡಿನೋವಿನವರು ಇದನ್ನು ಹತ್ತಲಾರರು, ಇಲ್ಲಿಗೊಂದು ಹಲಗೆ ಬೇಕು’ ಎಂದರು. ಅಂದು ಸಂಜೆಯೇ ಅವರ ಮೊಮ್ಮಗ ಹಲಗೆ ತಂದು, ಜಾರದಂತೆ ಅಡ್ಡಪಟ್ಟಿಗಳನ್ನು ಹೊಡೆದ. ಬರುವವರಲ್ಲಿ ಬಹುಪಾಲು ನಮ್ಮ ಓರಗೆಯವರೇ ಆದ್ದರಿಂದ, ಕೈಯೂರಿ ಏಳಲು ಬರುವಂಥ ಕುರ್ಚಿಗಳನ್ನು ಮನೆಮನೆಯಿಂದ ಸೇರಿಸುತ್ತಿದ್ದಾರೆ. ಪಾತ್ರೆಗಳೂ ಹೀಗೆಯೇ ಬರುತ್ತಿವೆ. ಯಾವುದು ಯಾರ ಮನೆಯದೆಂದು ಅದಲುಬದಲಾಗದಿರಲೆಂದು ಶಾಲೆಯ ಮೇಡಂ ಒಂದೊಂದು ಮನೆಗೂ ಒಂದೊಂದು ಬಣ್ಣದ ದಾರ ಗೊತ್ತುಮಾಡಿ, ಪಾತ್ರೆಯ ಹಿಡಿಗೆ ಅದನ್ನು ಕಟ್ಟಿ, ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಧ್ವನಿವರ್ಧಕ ಬೇಡವೆಂದು ನಾನೇ ಹೇಳಿದೆ. ಕಿವಿ ಮಂದವಾದವರಿಗೆ ಗದ್ದಲದಲ್ಲಿ ಎದುರಿನವರ ಮಾತೇ ತಿಳಿಯುವುದಿಲ್ಲ, ಅವರೆಲ್ಲ ಬರುವುದು ಮಾತಾಡುವುದಕ್ಕೇ ಅಲ್ಲವೆ? ಉಡುಗೊರೆ ಬೇಡವೆಂದು ಮೊದಲೇ ತಿಳಿಸಿದ್ದೇವೆ. ಆಗ, ಕೊಡಲು ಕೈಯಲ್ಲಿ ಹಣವಿಲ್ಲವೆಂದು ಹಿಂಜರಿಯುತ್ತಿದ್ದವರೇ ಕೆಲಸಕ್ಕೆ ಎಲ್ಲರಿಗಿಂತ ಮುಂದೆ ಬಂದರು. ಗುತ್ತಿಗೆಗೆ ಕೊಟ್ಟಿದ್ದರೆ ಇವರೆಲ್ಲ ಬಂದು, ಉಂಡು, ಹೋಗುವ ಅತಿಥಿಗಳಾಗುತ್ತಿದ್ದರು.

ಆಸ್ತಿಯ ವಿಷಯ ನೀನು ಕೇಳಿಲ್ಲ, ಆದರೂ ತಿಳಿದಿರಲಿ. ಕೆಲವು ದೇಶಗಳಲ್ಲಿ ಮದುವೆಯಾದೊಡನೆ ಹಳೆಯ ಉಯಿಲು ತಾನಾಗಿಯೇ ರದ್ದಾಗುತ್ತದೆ. ಗಂಡ ಅಥವಾ ಹೆಂಡತಿ ತೀರಿಕೊಂಡ ಮೇಲೆ ಬರುವ ಪಿಂಚಣಿ ಮರುಮದುವೆಯಿಂದ ನಿಂತುಹೋಗುವ ನಿಯಮವೂ ಹಲವೆಡೆ ಇದೆ. ಆದ್ದರಿಂದ ನಮಗೆ ಯಾವುದು ಅನ್ವಯಿಸುತ್ತದೆಂದು ವಕೀಲರಲ್ಲಿ ಕೇಳಿ ತಿಳಿದು, ಇಬ್ಬರೂ ಹೊಸದಾಗಿ ಉಯಿಲು ಬರೆಸಿ, ಬ್ಯಾಂಕಿನ ನಾಮಿನಿಗಳನ್ನು ಸರಿಪಡಿಸುತ್ತಿದ್ದೇವೆ. ಅವರ ಮಕ್ಕಳಿಗೂ ಇದೇ ವಿಷಯವನ್ನು ಬರೆದು ತಿಳಿಸಿದ್ದೇವೆ; ಇಂಥದ್ದು ಮದುವೆಗೆ ಮೊದಲೇ ಎಲ್ಲರಿಗೂ ಒಂದೇ ರೀತಿ ತಿಳಿದಿರಬೇಕೆಂಬುದು ನನ್ನ ಹಟ.

ನೀನು ಹಣ ಕಳಿಸುವುದು ಬೇಡ. ಸಾಧ್ಯವಾದರೆ ನಾಲ್ಕು ದಿನ ಮುಂಚಿತವಾಗಿ ಬಾ. ನಿನಗೂ ಒಂದು ಕೆಲಸ ಎತ್ತಿಟ್ಟಿದ್ದಾರೆ: ಮದುವೆ ಮುಗಿದ ಮೇಲೆ ಮೇಡಂ ಅವರ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಪಾತ್ರೆಗಳನ್ನು ಹಿಂದಿರುಗಿಸಬೇಕಂತೆ. ನೋಂದಣಿಗೆ ನನ್ನ ಕಡೆಯ ಸಾಕ್ಷಿಯಾಗಿ ನೀನೇ ಸಹಿ ಹಾಕಬೇಕೆಂದು ನನ್ನ ಆಸೆ; ಗುರುತಿನ ಚೀಟಿಯನ್ನು ಮರೆಯದೆ ತಾ. ರಜೆ ಮಂಜೂರಾದ ಕೂಡಲೇ ಬರುವ ದಿನ ತಿಳಿಸು, ಅವರೇ ಬಂದು ನಿನ್ನನ್ನು ಕರೆತರುವುದಾಗಿ ಹೇಳಿದ್ದಾರೆ.

ಇಂತಿ,
ನಿನ್ನ ಅಮ್ಮ