ಕ್ಯಾನನ್ನೋ ಸೋನಿಯೋ: ಮಾಣಿಗೊಂದು ಕಾಗದ

ಶಿರಸಿ
ಆಗಸ್ಟ್ ತಿಂಗಳು, ಮಳೆ ಸ್ವಲ್ಪ ಹೊಳವಾದ ಮಧ್ಯಾಹ್ನ

ಪ್ರೀತಿಯ ಮಾಣಿ,

ನಿನ್ನ ಮೆಸೇಜು ನೋಡಿದೆ. ಎರಡು ಕ್ಯಾಮೆರಾದ ಫೋಟೋ, ಕೆಳಗೆ "ಯಾವುದು ಚಿಕ್ಕಮ್ಮಾ, ಒಂದೇ ಮಾತಲ್ಲಿ ಹೇಳು" ಅಂತ. ಒಂದೇ ಮಾತಲ್ಲಿ ಹೇಳುವುದಾದರೆ ಕ್ಯಾನನ್. ಆದರೆ ಯಾಕೆ ಅಂತ ಗೊತ್ತಿಲ್ಲದೆ ತಗೊಂಡರೆ, ಆರು ತಿಂಗಳಿಗೆ ಸೋನಿ ಇಟ್ಟುಕೊಂಡ ಗೆಳೆಯನ ವಿಡಿಯೋ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ? ಅದಕ್ಕೇ ಈ ಉದ್ದದ ಕಾಗದ. ನಿನ್ನೆ ರಾತ್ರಿಯಿಂದ ಕರೆಂಟೂ ಇಲ್ಲ, ಬರೆಯಲು ಪುರುಸೊತ್ತಿದೆ.

ನೀನು ಕೇಳಿದ್ದು ಕ್ಯಾನನ್ ಆರ್50 ಮತ್ತು ಸೋನಿ ಝಡ್‌ವಿ-ಇ10. ಮೊದಲನೆಯದು 2023ರಲ್ಲಿ ಬಂತು, ಎರಡನೆಯದು 2021ರಲ್ಲಿ. ಎರಡರ ಸೆನ್ಸರೂ, ಅಂದರೆ ಬೆಳಕು ಹಿಡಿಯುವ ಚಿಪ್ಪು, ಎಪಿಎಸ್-ಸಿ ಅನ್ನುವ ಅಳತೆಯದು, ಎರಡೂ 24.2 ಮೆಗಾಪಿಕ್ಸೆಲ್. ಬ್ಯಾಟರಿ, ಕಾರ್ಡು ಸೇರಿ ಕ್ಯಾನನ್ 375 ಗ್ರಾಂ, ಸೋನಿ 343 ಗ್ರಾಂ. ಕೈ ನಡುಗಿದರೆ ಸರಿದೂಗಿಸುವ ವ್ಯವಸ್ಥೆ ಎರಡರ ಬಾಡಿಯಲ್ಲೂ ಇಲ್ಲ, ಲೆನ್ಸಿನಲ್ಲಿದ್ದರೆ ಉಂಟು. ಮಳೆಗೆ ಎರಡೂ ಆಗಿಬರುವುದಿಲ್ಲ. ಒಂದೇ ಜಾಗದಲ್ಲಿ ನಿಂತು ಎರಡರಲ್ಲೂ ತೆಗೆದು, ಪ್ರಿಂಟ್ ಹಾಕಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರದ್ದು ಅಂತ ಹೇಳಲು ನನ್ನಿಂದಲೂ ಆಗದು. ಹಾಗಾಗಿ ಯಾವುದರ ಫೋಟೋ ಚೆಂದ ಅನ್ನುವ ಜಗಳವನ್ನು ಬಿಟ್ಟುಬಿಡು.

ನೋಡಬೇಕಾದ್ದು ಬೇರೆ. ಫೋಟೋ ತೆಗೆಯುವಾಗ ನಿನ್ನ ಕಣ್ಣು ಎಲ್ಲಿರುತ್ತದೆ? ಆರ್50ಕ್ಕೆ ವ್ಯೂಫೈಂಡರ್ ಇದೆ, ಕಣ್ಣಿಗೆ ಹಚ್ಚಿ ನೋಡಬಹುದು. ಝಡ್‌ವಿ-ಇ10ಕ್ಕೆ ಅದಿಲ್ಲ, ಹಿಂದಿನ ಪರದೆಯೊಂದೇ. ಸೋನಿಯವರು ಮರೆತು ಬಿಟ್ಟದ್ದಲ್ಲ ಅದು. ಕ್ಯಾಮೆರಾದ ಮುಂದೆ ತಾನೇ ಕೂತು ಮಾತಾಡುವವರಿಗೆ ಅಂತಲೇ ಮಾಡಿದ ಕ್ಯಾಮೆರಾ. ತನ್ನ ಕಡೆಗೆ ಪರದೆ ತಿರುಗಿಸಿಕೊಂಡು ಕೂತವರಿಗೆ ವ್ಯೂಫೈಂಡರ್ ಯಾಕೆ ಬೇಕು?

ನಿನಗೆ ಬೇಕು. ಯಾಕೆಂದರೆ ಏನೇನು ತೆಗೆಯಬೇಕು ಅಂತ ನೀನು ಬರೆದ ಪಟ್ಟಿಯಲ್ಲಿ ಮೊದಲಿರುವುದು ಯಕ್ಷಗಾನ.

ಆಟಕ್ಕೆ ಹೋಗಿ ಕತ್ತಲಲ್ಲಿ ಮೂರನೇ ಸಾಲಿನಲ್ಲಿ ಕೂತು, ಕೈ ಮುಂದೆ ಚಾಚಿ, ಬೆಳಗುವ ಪರದೆ ಎತ್ತಿ ಹಿಡಿದು ನೋಡು. ಹಿಂದೆ ಕೂತ ಹಿರಿಯರು "ತಮಾ, ಅದನ್ನ ಬದಿಗಿಡೋ" ಅಂತ ಬೈಯದಿದ್ದರೆ ಕೇಳು. ಅವರು ಭಾಗವತರ ಪದ ಕೇಳಲು ಬಂದವರು, ನಿನ್ನ ಪರದೆ ನೋಡಲು ಬಂದವರಲ್ಲ. ವ್ಯೂಫೈಂಡರಿಗೆ ಕಣ್ಣು ಹಚ್ಚಿದರೆ ಬೆಳಕು ನಿನ್ನ ಹುಬ್ಬಿನೊಳಗೇ ಉಳಿಯುತ್ತದೆ. ಮೊಣಕೈ ಎದೆಗೆ ಒತ್ತಿ, ಹಣೆ ಕ್ಯಾಮೆರಾಕ್ಕೆ ಆನಿಸಿದರೆ ನಡುಕವೂ ಅರ್ಧ ಇಳಿಯುತ್ತದೆ.

ಇನ್ನು ಬೆಳಕಿನ ವಿಚಾರ. ನನ್ನದೇ ಎಡವಟ್ಟು ಹೇಳುತ್ತೇನೆ, ನಿನ್ನ ಅಮ್ಮನಿಗೆ ಹೇಳಬೇಡ. ಹೋದ ವರ್ಷ ಒಂದು ಆಟಕ್ಕೆ ಹೋದಾಗ ಯಾರಿಗೂ ತೊಂದರೆ ಆಗದಿರಲಿ ಅಂತ ಸದ್ದಿಲ್ಲದ ಶಟರ್ ಹಾಕಿಕೊಂಡೆ. ಬೆಳಗಿನ ಜಾವದವರೆಗೂ 400 ಫೋಟೋ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಒಂದೊಂದರ ಮೇಲೂ ಅಡ್ಡಡ್ಡ ಕಪ್ಪು ಪಟ್ಟೆ, ಅಡಿಕೆ ದಬ್ಬೆ ಸಾಲಾಗಿ ಜೋಡಿಸಿದ ಹಾಗೆ. ಕಿರೀಟ ಬೆಳಕಿನಲ್ಲಿ, ಮುಖ ಕತ್ತಲಲ್ಲಿ, ಎದೆಕಟ್ಟು ಮತ್ತೆ ಬೆಳಕಿನಲ್ಲಿ. ಉಳಿದದ್ದು 11 ಫೋಟೋ.

ಯಾಕೆ ಹಾಗಾಯಿತು ಅಂದರೆ, ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆಡುತ್ತದೆ, ಸೋವಿ ಎಲ್ಇಡಿ ದೀಪ ಅದರ ಎರಡರಷ್ಟು, ಅಂದರೆ 100 ಸಲ ಹೊಳೆದು ಮಂಕಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆನ್ಸರು ಚಿತ್ರವನ್ನು ಒಂದೇ ಸಲಕ್ಕೆ ತೆಗೆಯುವುದಿಲ್ಲ. ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುತ್ತಾ ಬರುತ್ತದೆ. ದೀಪ ಮಂಕಾದ ಹೊತ್ತಿಗೆ ಓದಿದ ಸಾಲೆಲ್ಲ ಕಪ್ಪು. ವೇಷಧಾರಿ ಗಿರಗಿರ ಸುತ್ತುವ ಧೀಂಗಿಣ ಹಾಕುತ್ತಿದ್ದರಂತೂ ಪಟ್ಟೆಯ ಜೊತೆಗೆ ಕೈಕಾಲೂ ಸೊಟ್ಟ. ಹಾಗಾಗಿ ಆಟದಲ್ಲಿ ಸದ್ದಿಲ್ಲದ ಶಟರ್ ಮುಟ್ಟಬೇಡ. ಚಂಡೆಯ ಮುಂದೆ ಕ್ಯಾಮೆರಾದ ಸದ್ದು ಯಾರಿಗೆ ಕೇಳುತ್ತದೆ, ಸುಮ್ನೆ ನನ್ನ ಭ್ರಮೆ. ಶಟರ್ ವೇಗ ಸೆಕೆಂಡಿನ 100ನೇ ಒಂದು ಭಾಗಕ್ಕೆ ಇಡು, ಆಗ ಪ್ರತಿ ಸಾಲಿಗೂ ದೀಪದ ಒಂದು ಪೂರ್ತಿ ಹೊಳಪು ಸಿಗುತ್ತದೆ. ಕೆಲವು ಕಡೆ ದೀಪದವರು ಬೆಳಕು ಏರಿಳಿಸುವ ಬೇರೆ ರೀತಿಯ ಡಿಮ್ಮರ್ ತಂದಿರುತ್ತಾರೆ, ಅಲ್ಲಿ ಈ ಲೆಕ್ಕ ನಡೆಯದು. ಮೊದಲ ಹತ್ತು ಫೋಟೋ ದೊಡ್ಡದು ಮಾಡಿ ನೋಡಿಕೋ.

100ನೇ ಒಂದರಲ್ಲಿ ಕುಣಿತ ಮಸುಕಾಗುವುದಿಲ್ವಾ ಅಂತ ಕೇಳುತ್ತೀಯ. ಆಗುತ್ತದೆ. ಅದಕ್ಕೆ ಉಪಾಯ ಕ್ಯಾಮೆರಾದಲ್ಲಿಲ್ಲ, ತಾಳದಲ್ಲಿದೆ. ಸುತ್ತು ಮುಗಿಸಿ ಮುಕ್ತಾಯದ ಪೆಟ್ಟಿಗೆ ವೇಷ ಗಕ್ಕನೆ ನಿಲ್ಲುತ್ತದಲ್ಲ, ಆ ಅರೆಕ್ಷಣ ಕಾಯಿ. ಚಿಕ್ಕಂದಿನಿಂದ ಆಟ ನೋಡಿದವನು ನೀನು, ಆ ಪೆಟ್ಟು ಯಾವಾಗ ಬೀಳುತ್ತದೆ ಅಂತ ನಿನಗೆ ಮೊದಲೇ ಗೊತ್ತಿರುತ್ತದೆ. ರಂಗಸ್ಥಳದ ಹಿಂದಿನ ಪರದೆ ಕಪ್ಪಾಗಿದ್ದರೆ ಕ್ಯಾಮೆರಾ ಮೋಸಹೋಗಿ ಮುಖವನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸು, ಅಂದರೆ ಬೆಳಕು ಅರ್ಧಕ್ಕೆ. ಒಳಗೆ ಕನ್ನಡಿ ಇಲ್ಲದ ಇಂಥ ಮಿರರ್‌ಲೆಸ್ ಕ್ಯಾಮೆರಾಗಳ ದೊಡ್ಡ ಉಪಕಾರ ಅಂದರೆ ಅದೇ. ಇಳಿಸಿದ್ದು ಎಷ್ಟು ಅಂತ ವ್ಯೂಫೈಂಡರಿನಲ್ಲೇ, ಒತ್ತುವ ಮೊದಲೇ ಕಾಣುತ್ತದೆ.

ಒಂದು ವಿಷಯ ಬಿಟ್ಟೆ. ಆರ್50ರಲ್ಲಿ ಪೂರ್ತಿ ಮೆಕ್ಯಾನಿಕಲ್ ಶಟರ್ ಇಲ್ಲ. ತೆರೆಯುವುದು ಎಲೆಕ್ಟ್ರಾನಿಕ್, ಮುಚ್ಚುವುದು ನಿಜವಾದ ಪರದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಝಡ್‌ವಿ-ಇ10ರಲ್ಲಿ ಮೆಕ್ಯಾನಿಕಲ್ ಶಟರ್ ಇದೆ. ಅಂಗಡಿಯವರು ಅದರ ಎರಡನೇ ಅವತಾರ, 2024ರಲ್ಲಿ ಬಂದದ್ದು, ತೋರಿಸಿ ಪುಸಲಾಯಿಸಬಹುದು. ಅದರ ಬ್ಯಾಟರಿ ದೊಡ್ಡದು, ಒಳ್ಳೆಯದೇ. ಆದರೆ ಅದರಲ್ಲಿ ಮೆಕ್ಯಾನಿಕಲ್ ಶಟರನ್ನೇ ತೆಗೆದುಹಾಕಿದ್ದಾರೆ. ಆಟ ತೆಗೆಯುವವನಿಗೆ ಅದು ಬೇಡ.

ಹಕ್ಕಿಯ ವಿಷಯದಲ್ಲಿ ಜಾಸ್ತಿ ಹೇಳಬೇಕಿಲ್ಲ. ಆರ್50ರ ಫೋಕಸ್ಸಿಗೆ ಹಕ್ಕಿಯ ಗುರುತು ಸಿಗುತ್ತದೆ, ಹುಡುಕಿ ಹಿಡಿದುಕೊಳ್ಳುತ್ತದೆ. ಝಡ್‌ವಿ-ಇ10ಕ್ಕೆ ಹಕ್ಕಿ ಅಂತ ಬೇರೆಯಾಗಿ ತಿಳಿಯುವುದಿಲ್ಲ. ಗುಡವಿ ಪಕ್ಷಿಧಾಮಕ್ಕೆ ಹೋದಾಗ ಮರದ ತುಂಬ ಬಿಳಿ ಕೆಂಬರಲು ಕೂತದ್ದು ನೋಡಿದ್ದೆಯಲ್ಲ. ಮೋಡ ಸರಿದು ಬಿಸಿಲು ಬಂದರೆ ಪರದೆಯಲ್ಲಿ ನಿನ್ನ ಮೂಗು ಬಿಟ್ಟು ಬೇರೇನೂ ಕಾಣುವುದಿಲ್ಲ, ಅಲ್ಲೂ ವ್ಯೂಫೈಂಡರೇ ಬೇಕು. ಆದರೆ ಜೋಡಿ ಲೆನ್ಸಿನ ಸೆಟ್ಟಿನಲ್ಲಿ ಕೊಡುವ 55-210 ಲೆನ್ಸ್ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡ. ಉದ್ದಕ್ಕೆ ಚಾಚಿದಾಗ ಅದರ ಬಾಯಿ ಎಫ್ 7.1, ಈ ಅಂಕಿ ದೊಡ್ಡದಾದಷ್ಟೂ ಬಾಯಿ ಸಣ್ಣದು. ಎಫ್ 1.8 ಲೆನ್ಸಿಗೆ ಹೋಲಿಸಿದರೆ ಒಳಗೆ ಬರುವ ಬೆಳಕು ಸುಮಾರು 16ರಲ್ಲಿ ಒಂದು ಪಾಲು. ಗೂಡು ಕಟ್ಟುವುದು ಮಳೆಗಾಲದಲ್ಲಿ, ಆಗ ಬೆಳಕೇ ಇರುವುದಿಲ್ಲ. ಹಕ್ಕಿಯ ಹುಚ್ಚು ಎರಡು ವರ್ಷ ನಿಂತರೆ ಆಮೇಲೆ ಇನ್ನೂ ದೂರದ್ದನ್ನು ಹತ್ತಿರ ತೋರಿಸುವ 100-400 ಲೆನ್ಸ್ ನೋಡೋಣ. ಸೋನಿಯ 70-350 ನಿಜಕ್ಕೂ ಒಳ್ಳೆಯ ಲೆನ್ಸು, ಆದರೆ ಬಾಡಿಗಿಂತ ಅದಕ್ಕೇ ದುಡ್ಡು ಜಾಸ್ತಿ. ಹಕ್ಕಿ ಹಾರುವಾಗ ಭಾರದ ರಾ ಫೈಲಿನಲ್ಲಿ ಗುಂಡಿ ಒತ್ತಿಕೊಂಡೇ ಇರಬೇಡ, ಆರ್50 ಒಂದು ಸೆಕೆಂಡಿಗೇ ಏದುಸಿರು ಬಿಡುತ್ತದೆ. ಹಗುರದ ಜೆಪೆಗ್ ಇಟ್ಟುಕೋ.

ಈಗ ಸೋನಿಯ ಪರ ವಾದ, ಅನ್ಯಾಯ ಮಾಡಬಾರದಲ್ಲ. ಅಜ್ಜಿಯ ಅಡುಗೆಯ ವಿಡಿಯೋ ಮಾಡಬೇಕು ಅಂತ ಪಟ್ಟಿಯ ಕೊನೆಯಲ್ಲಿ ಬರೆದಿದ್ದೀಯ. ಅದೊಂದೇ ಕೆಲಸವಾಗಿದ್ದರೆ ನಾನು ಕಣ್ಣುಮುಚ್ಚಿ ಝಡ್‌ವಿ-ಇ10 ಅನ್ನುತ್ತಿದ್ದೆ. ಅದರ ಮೈಕು ಒಳ್ಳೆಯದು, ಗಾಳಿಯ ಸದ್ದು ತಡೆಯುವ ತುಪ್ಪಳದ ಟೋಪಿಯನ್ನೂ ಪೆಟ್ಟಿಗೆಯಲ್ಲೇ ಕೊಡುತ್ತಾರೆ. ಹೆಡ್‌ಫೋನ್ ಹಾಕಿ ಕೇಳುತ್ತಾ ರೆಕಾರ್ಡ್ ಮಾಡಬಹುದು. ಆರ್50ರಲ್ಲಿ ಮೈಕಿಗೆ ತೂತಿದೆ, ಹೆಡ್‌ಫೋನಿಗೆ ಇಲ್ಲ. ಒಗ್ಗರಣೆಯ ಚಟಪಟ ಬಂತೋ ಇಲ್ಲವೋ ಮನೆಗೆ ಹೋಗಿ ನೋಡಬೇಕು. ಸೋನಿಯ ಒಂದು ಹುಳುಕು ಅಂದರೆ 4ಕೆಯಲ್ಲಿ ಸೆಕೆಂಡಿಗೆ 30 ಫ್ರೇಮ್ ಇಟ್ಟರೆ ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ, 1.23 ಪಟ್ಟು ಹತ್ತಿರ ಬಂದ ಹಾಗೆ. ಮೆನುವಿನಲ್ಲಿ ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್‌ಗೆ ಬದಲಿಸಿ 25 ಫ್ರೇಮ್ ಇಟ್ಟರೆ ಪೂರ್ತಿ ಅಗಲ ಸಿಗುತ್ತದೆ, ನಮ್ಮ ದೀಪಗಳ ಮಿಣುಕೂ ಸುಮ್ಮನಾಗುತ್ತದೆ. ಆರ್50ರಲ್ಲಿ 30 ಫ್ರೇಮಿಗೂ ಪೂರ್ತಿ ಅಗಲವೇ.

ಆದರೂ ನನ್ನ ಮಾತು ಏನೆಂದರೆ ಅಜ್ಜಿಗೆ ನಿನ್ನ ಫೋನೇ ಸಾಕು. ಹೋದ ಸಂಕ್ರಾಂತಿಗೆ ಅವರು ತೊಡೆದೇವು ಸಿಹಿತಿಂಡಿ ಮಾಡುವಾಗ ನೀನು ಫೋನಿನಲ್ಲೇ ತೆಗೆದೆಯಲ್ಲ. ಕವುಚಿಟ್ಟ ಗಡಿಗೆ, ಕೆಳಗೆ ಬೆಂಕಿ, ಅಜ್ಜಿ ಅರಿವೆಯನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನ ಮೇಲೆ ಸರ್ರನೆ ಎಳೆದದ್ದು, ಅಂಚು ಎದ್ದ ಕೂಡಲೇ ಉಗುರಿನಲ್ಲಿ ಬಿಡಿಸಿದ್ದು. ನಾಲ್ಕು ಸಲ ನೋಡಿದೆ. ಅದರಲ್ಲಿ ಕೆಟ್ಟದ್ದು ಚಿತ್ರ ಅಲ್ಲ, ಶಬ್ದ. ಅಜ್ಜಿಯ ಮಾತು ಹೊಗೆಯೊಳಗೆ ಹೋದ ಹಾಗೆ ಕೇಳುತ್ತದೆ. ಅವರ ಸೆರಗಿಗೆ ಚುಚ್ಚುವ ಒಂದು ಸಣ್ಣ ಮೈಕು ತಗೋ, ಬಗೆಹರಿಯಿತು. ಹಗಲು ಹೊತ್ತಿನ ಅಡುಗೆಮನೆಗೆ ಫೋನ್ ಸಾಕಾಗುತ್ತದೆ. ರಾತ್ರಿಯ ರಂಗಸ್ಥಳಕ್ಕೆ, ದೂರದ ಹಕ್ಕಿಗೆ ಸಾಲದು. ಸಾಲದ ಕಡೆಗೆ ದುಡ್ಡು ಹಾಕು.

ಲೆನ್ಸಿನ ಅಂಗಡಿಯಲ್ಲಿ ಸೋನಿಯೇ ಮುಂದೆ. ಲೆನ್ಸ್ ಕೂರಿಸುವ ಅವರ ಇ-ಮೌಂಟು 2010ರಿಂದ ಇದೆ, ಬೇರೆ ಕಂಪನಿಗಳೂ ಬೇಕಾದಷ್ಟು ಮಾಡಿವೆ, ಹಳೆಯದೂ ಸಿಗುತ್ತದೆ. ಕ್ಯಾನನ್ ತನ್ನ ಆರ್‌ಎಫ್ ಮೌಂಟಿನ ಬಾಗಿಲನ್ನು ಬೇರೆ ಕಂಪನಿಗಳಿಗೆ ಬಹಳ ದಿನ ಮುಚ್ಚಿಟ್ಟುಕೊಂಡಿತ್ತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳು ಆರ್‌ಎಫ್‌ನ ಎಪಿಎಸ್-ಸಿ ಅಳತೆಗೆ ಲೆನ್ಸ್ ತರಲು ಶುರುಮಾಡಿದ ಮೇಲೆ ಉಸಿರಾಡುವಂತಾಗಿದೆ. ನೀನು ಮೊದಲು ತಗೋಬೇಕಾದ್ದು ಆರ್‌ಎಫ್ 50 ಎಂಎಂ ಎಫ್ 1.8. ಬರೀ 160 ಗ್ರಾಂ. ಚೌಕಿಯಲ್ಲಿ ಬಣ್ಣ ಹಚ್ಚುವವರ ಎದುರು ಕೂತು ತೆಗೆಯಲು ಅದಕ್ಕಿಂತ ಒಳ್ಳೆಯದು ಬೇಡ. ಹೇಳುವುದು ಮರೆಯುತ್ತಿದ್ದೆ, ಚೌಕಿಯೊಳಗೆ ಫ್ಲ್ಯಾಶ್ ಹಾಕಬೇಡ. ಆರ್50ಕ್ಕೆ ತಲೆಯ ಮೇಲೆ ಒಂದು ಪುಟ್ಟ ಫ್ಲ್ಯಾಶ್ ಇದೆ, ಸೋನಿಗೆ ಅದೂ ಇಲ್ಲ. ಕನ್ನಡಿ ನೋಡುತ್ತಾ ಹುಬ್ಬು ತಿದ್ದುವವರ ಕಣ್ಣಿಗೆ ಅದು ಫಳ್ ಅಂದರೆ ಕೈ ಅಲುಗುತ್ತದೆ. ಕೇಳಿ ಒಳಗೆ ಹೋಗು, ಸುಮ್ಮನೆ ಮೂಲೆಯಲ್ಲಿ ಕೂತಿರು. ಅರ್ಧ ಗಂಟೆಯಲ್ಲಿ ನೀನಿರುವುದನ್ನೇ ಮರೆಯುತ್ತಾರೆ.

ತಗೊಂಡ ಮೇಲೆ ಇಡುವುದು ಎಲ್ಲಿ? ಬೆಂಗಳೂರಿನಲ್ಲಿ ಇದು ದೊಡ್ಡ ವಿಷಯ ಅಲ್ಲ, ನಮ್ಮ ಕಡೆ ಇದೇ ದೊಡ್ಡದು. ನನ್ನ ಮೊದಲ ಒಳ್ಳೆಯ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಕಪಾಟಿನಲ್ಲಿಟ್ಟು, ಮಳೆಗಾಲ ಮುಗಿದ ಮೇಲೆ ತೆಗೆದೆ. ಬೆಳಕಿಗೆ ಹಿಡಿದರೆ ಗಾಜಿನ ಒಳಗೆ ಜೇಡರ ಬಲೆಯಂತೆ ಬಿಳಿ ಎಳೆಗಳು, ಅಂಚಿನಿಂದ ನಡುವಿಗೆ ಹಬ್ಬಿದ್ದವು. ಚರ್ಮ ತೇವ ಹೀರಿಕೊಂಡು ಕೂತಿತ್ತು. ನಿನ್ನ ಅಜ್ಜಿ ಆಗ "ಒಲೆಯ ಮೇಲಿನ ಅಟ್ಟದಲ್ಲಿ ಇಡಬಾರದಿತ್ತೇ, ಬೆಚ್ಚಗಿರುತ್ತಿತ್ತು" ಅಂದಿದ್ದರು. ಇಟ್ಟಿದ್ದರೆ ಬೂಷ್ಟು ಬರುತ್ತಿರಲಿಲ್ಲ, ಮಸಿ ಬರುತ್ತಿತ್ತು. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರು, ಇಷ್ಟು ಸಾಕು. ಮೀಟರಿನ ಮುಳ್ಳು ಶೇಕಡಾ 40-50ರ ನಡುವೆ ಇರಲಿ. ಹರಳಿನ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಹಾಕು. ಆ ಬಾಣಲೆ ಆಮೇಲೆ ಅಡುಗೆಗೆ ಬೇಡ.

ಬೆಲೆ ನಾನು ಹೇಳುವುದಿಲ್ಲ, ವಾರಕ್ಕೊಂದು ಥರ ಆಗುತ್ತದೆ. ದಸರೆ ಹೊತ್ತಿಗೆ ಇಳಿಯುತ್ತದೆ, ಕಾದು ತಗೋ. 18-45 ಲೆನ್ಸ್ ಜೊತೆಗಿನ ಸೆಟ್ ಮಾತ್ರ ಸಾಕು, ಚೀಲ, ಫಿಲ್ಟರ್, ಟ್ರೈಪಾಡ್ ಅಂತ ತಲೆಗೆ ಕಟ್ಟಿದರೆ ಬೇಡ ಅನ್ನು. ಎರಡನೇ ಬ್ಯಾಟರಿ ಮಾತ್ರ ತಪ್ಪದೆ ತಗೋ, ಆರ್50ರ ಬ್ಯಾಟರಿ ಸಣ್ಣದು, ಬೆಳಗಿನವರೆಗೆ ಬಾರದು.

ಅದರ ಜೊತೆ ಕ್ಯಾನನ್ನಿನ ಹಳೆಯ ಇಎಫ್ ಮೌಂಟಿನ ಲೆನ್ಸನ್ನು ಆರ್‌ಎಫ್‌ಗೆ ಹಾಕುವ ಕ್ಯಾನನ್ ಅಡಾಪ್ಟರ್ ಒಂದು ತಾ. ನಾನು ಕ್ಯಾನನ್ ಅಂದದ್ದಕ್ಕೆ ಇನ್ನೊಂದು ಕಾರಣ ಅದು. ನನ್ನ ಹಳೆಯ 85 ಎಂಎಂ ಎಫ್ 1.8 ಇದೆಯಲ್ಲ, ಸೆನ್ಸರು ಸಣ್ಣದಾದ್ದರಿಂದ ಆರ್50ರ ಮೇಲೆ ಅದು 136 ಎಂಎಂ ಆದ ಹಾಗೆ ಕೆಲಸ ಮಾಡುತ್ತದೆ. ಮೂರನೇ ಸಾಲಿನಿಂದ ಮುಖ ತುಂಬ ಬರುತ್ತದೆ. ಸೋನಿಗೂ ಬೇರೆಯವರ ಅಡಾಪ್ಟರ್ ಸಿಗುತ್ತದೆ, ಆದರೆ ಫೋಕಸ್ ಆ ಹುರುಪಿನಲ್ಲಿ ಓಡುವುದಿಲ್ಲ. ಲೆನ್ಸ್ ಡಬ್ಬಿಯಲ್ಲಿದೆ, ಮೊನ್ನೆಯಷ್ಟೇ ಒರೆಸಿ ಇಟ್ಟೆ. ಮುಂದಿನ ಮುಚ್ಚಳ ಕಳೆದುಹೋಗಿದೆ, 58 ಎಂಎಂ ಅಳತೆಯದು ಒಂದು ಅಲ್ಲೇ ಸಿಕ್ಕರೆ ತಂದುಬಿಡು. ಮೇಳಗಳು ತಿರುಗಾಟಕ್ಕೆ ಹೊರಡುವುದು ನವೆಂಬರಿನಲ್ಲಿ. ಅಷ್ಟರೊಳಗೆ ಒಂದು ಶನಿವಾರ ಬಾ.

ನಿನ್ನ
ಚಿಕ್ಕಮ್ಮ