ಉಬುಂಟು 20.04 ಲ್ಯಾಬ್‌ಗಳನ್ನು ಈ ರಜೆಯಲ್ಲೇ ಏರಿಸಿ

ಮಾನ್ಯ ಸಂಪಾದಕರೇ,

ರಾಯಚೂರು, ಸಿಂಧನೂರು, ಮಾನ್ವಿ ಕಡೆಯ ಕಾಲೇಜು ಲ್ಯಾಬ್‌ಗಳ ಕಂಪ್ಯೂಟರ್‌ಗಳಲ್ಲಿ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ 20.04 ಆವೃತ್ತಿ ಇಟ್ಟುಕೊಂಡವರಿಗೆ ಈ ಪತ್ರ. ಅದರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೇ ಮುಗಿಯಿತು. ಈಗ ಪ್ಯಾಕೇಜುಗಳನ್ನು (ತಂತ್ರಾಂಶದ ಕಟ್ಟುಗಳನ್ನು) ತಂದುಹಾಕುವ ಆಪ್ಟ್‌ಗೆ ‘ಸುಡೊ ಆಪ್ಟ್ ಅಪ್‌ಡೇಟ್’ ಎಂದು ಕೊಟ್ಟರೆ ಪ್ಯಾಕೇಜುಗಳೆಲ್ಲ ಅಪ್ ಟು ಡೇಟ್ ಎಂದು ಬರುತ್ತದೆ. ಪಟ್ಟಿಗೆ ಹೊಸದು ಸೇರುವುದೇ ನಿಂತ ಮೇಲೆ ಇನ್ನೇನು ಬಂದೀತು?

ಹಾಗೆಂದು ಆವೃತ್ತಿ ಸಂಖ್ಯೆ ನೋಡಿ ಗಾಬರಿಯಾಗುವುದೂ ತಪ್ಪು. 2021ರ ಜನವರಿಯಲ್ಲಿ ನಿರ್ವಾಹಕರ ಅಧಿಕಾರದಲ್ಲಿ ಕಮಾಂಡ್ ಓಡಿಸುವ ‘ಸುಡೊ’ದ ದೊಡ್ಡ ದೋಷವೊಂದು ಬಯಲಾದಾಗ ಸುಡೊ ಬರೆಯುವವರು ಅದನ್ನು 1.9.5ಪಿ2 ಆವೃತ್ತಿಯಲ್ಲಿ ಸರಿಪಡಿಸಿದರು. ಉಬುಂಟು 20.04 ತನ್ನ 1.8.31ಕ್ಕೇ ತೇಪೆ ಹಾಕಿತು. ಸಂಖ್ಯೆ ಹಳೆಯದೇ, ದೋಷ ಮಾತ್ರ ಹೋಯಿತು. ‘ಆಪ್ಟ್ ಚೇಂಜ್‌ಲಾಗ್ ಸುಡೊ’ ಕೊಟ್ಟು ಆ ದೋಷದ ಗುರುತು ಸಂಖ್ಯೆ ಸಿವಿಇ-2021-3156 ಹುಡುಕಿದರೆ ಸಿಗುತ್ತದೆ. ಇದು ತಿಳಿಯದೆ ಸೋರ್ಸ್ ತಂದು ಕೈಯಾರೆ ಕಂಪೈಲ್ ಮಾಡಿ ಹಾಕುವವರಿದ್ದಾರೆ. ಅಂಥದ್ದು ಆಪ್ಟ್‌ನ ಲೆಕ್ಕಕ್ಕೇ ಸಿಗದು, ಮುಂದಿನ ತೇಪೆ ಅದಕ್ಕೆ ಬೀಳದು. ‘ಪೈಥಾನ್3’ ಲಿಂಕನ್ನು ಹೊಸ ಆವೃತ್ತಿಗೆ ತಿರುಗಿಸುವುದಂತೂ ಬೇಡವೇ ಬೇಡ. ಆ ಲಿಂಕನ್ನೇ ನಂಬಿದ ಟರ್ಮಿನಲ್ಲೇ ತೆರೆಯದೆ ಕೂರುತ್ತದೆ.

ಏರಿಸುವ ಕಮಾಂಡ್ ‘ಡು-ರಿಲೀಸ್-ಅಪ್‌ಗ್ರೇಡ್’. 20.04ರಿಂದ 22.04, ಅಲ್ಲಿಂದ 24.04, ನಡುವಿನ ಮೆಟ್ಟಿಲು ಹಾರಲು ಬಿಡುವುದಿಲ್ಲ. ಮೊದಲು ‘ಆಪ್ಟ್ ಅಪ್‌ಗ್ರೇಡ್’ ಪೂರ್ತಿ ಮುಗಿದಿರಬೇಕು. ‘ಡಿಎಫ್ -ಎಚ್’ ಕೊಟ್ಟು ಬೂಟ್ ಪಾರ್ಟಿಶನ್ ನೋಡಿ. ಹಳೆಯ ಕರ್ನೆಲ್‌ಗಳಿಂದ ಅದು ತುಂಬಿದ್ದರೆ ‘ಆಪ್ಟ್ ಆಟೊರಿಮೂವ್’ ಮಾಡಿ. ಪಿಪಿಎಗಳು, ಅಂದರೆ ನಾವು ಸೇರಿಸಿಕೊಂಡ ಹೊರಗಿನ ಪ್ಯಾಕೇಜ್ ಭಂಡಾರಗಳು, ಈ ಹೊತ್ತಿನಲ್ಲಿ ತಾವಾಗಿ ಬಂದ್ ಆಗುತ್ತವೆ, ಆಮೇಲೆ ಕೈಯಿಂದ ಚಾಲೂ ಮಾಡಬೇಕು. ಇಪ್ಪತ್ತು ಯಂತ್ರಗಳಿದ್ದರೆ ಒಂದರಲ್ಲಿ ‘ಆಪ್ಟ್-ಕ್ಯಾಶರ್-ಎನ್‌ಜಿ’ ಹಾಕಿ ಉಳಿದವನ್ನು ಅದರ 3142 ಪೋರ್ಟಿಗೆ ತಿರುಗಿಸಿ. ಒಂದೇ ಪ್ಯಾಕೇಜನ್ನು ಇಪ್ಪತ್ತು ಸಲ ಇಳಿಸುವುದು ತಪ್ಪುತ್ತದೆ.

ಇನ್ನು ಕರೆಂಟು. ಶಕ್ತಿನಗರದ ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದ್ದರೂ ಕರೆಂಟು ಹೋಗುವುದೇನೂ ತಪ್ಪಿಲ್ಲ. ಯುಪಿಎಸ್ ಬ್ಯಾಟರಿ ಹತ್ತು ನಿಮಿಷವೂ ತಡೆಯದಿದ್ದರೆ ಕೈ ಹಾಕಬೇಡಿ. ಪ್ಯಾಕೇಜ್ ಬಿಚ್ಚುವ ಹೊತ್ತಿಗೆ ಯಂತ್ರ ಆರಿದರೆ ಅರ್ಧ ಹೊಸದು, ಅರ್ಧ ಹಳೆಯದಾಗಿ ನಿಲ್ಲುತ್ತದೆ. ಆಗ ರಿಕವರಿ ಮೋಡ್‌ನಲ್ಲಿ ರೂಟ್ ಶೆಲ್‌ಗೆ ಹೋಗಿ ‘ಡಿಪಿಕೆಜಿ --ಕಾನ್ಫಿಗರ್ -ಎ’, ಬಳಿಕ ‘ಆಪ್ಟ್ -ಎಫ್ ಇನ್‌ಸ್ಟಾಲ್’ ಕೊಡಿ. ಬಹುಪಾಲು ಇಷ್ಟಕ್ಕೇ ಸರಿಹೋಗುತ್ತದೆ. ಲಾಕ್ ಸಿಗಲಿಲ್ಲ ಎಂಬ ದೋಷ ಬಂದರೆ ಲಾಕ್ ಫೈಲ್ ಅಳಿಸಬೇಡಿ. ತಾನಾಗಿ ನಡೆಯುವ ಅಪ್‌ಡೇಟ್ ಹಿಂದೆ ಓಡುತ್ತಿರುತ್ತದೆ, ಕಾಯ್ದರೆ ಬಿಡುತ್ತದೆ. ಅಳಿಸಿದರೆ ಇಬ್ಬರು ಒಂದೇ ಖಾತೆ ಪುಸ್ತಕದಲ್ಲಿ ಒಟ್ಟಿಗೆ ಬರೆದಂತಾಗುತ್ತದೆ.

ಹಳೆಯ ಆವೃತ್ತಿಗೂ ಭದ್ರತಾ ತೇಪೆ ಕೊಡುವ ಉಬುಂಟು ಪ್ರೊ ಚಂದಾ ಹಾಕಿಕೊಂಡು ಇನ್ನಷ್ಟು ವರ್ಷ ದೂಡಬಹುದಲ್ಲ ಎನ್ನುವವರುಂಟು. ಅದು ಉಚಿತವಿರುವುದು ವೈಯಕ್ತಿಕ ಬಳಕೆಗೆ, ಅದೂ 5 ಯಂತ್ರಗಳವರೆಗೆ.

ಪ್ರಾಂಶುಪಾಲರು, ವಿಭಾಗ ಮುಖ್ಯಸ್ಥರು ರಜೆ ಶುರುವಾದ ಕೂಡಲೇ ಒಂದು ಯಂತ್ರವನ್ನಷ್ಟೇ ಏರಿಸಲು ಹೇಳಲಿ. ಅದರಲ್ಲಿ ಪ್ರಾಕ್ಟಿಕಲ್ ಪ್ರೋಗ್ರಾಂಗಳನ್ನೆಲ್ಲ ಓಡಿಸಿ ನೋಡಿದ ಮೇಲೆ ಉಳಿದವು. ಪೈಥಾನ್ 2ರಲ್ಲಿ ಬರೆದವು ಇದ್ದರೆ ಮೊದಲೇ ತಿದ್ದಿಕೊಳ್ಳಬೇಕು, 24.04ರ ಭಂಡಾರದಲ್ಲಿ ಆ ಪ್ಯಾಕೇಜೇ ಇಲ್ಲ.

– ಲ್ಯಾಬ್ ನಿರ್ವಾಹಕರು, ರಾಯಚೂರು