ಏರ್‌ಬ್ಯಾಗ್ ಎಣಿಸುವ ಮುನ್ನ ಬೆಲ್ಟ್ ನೋಡಿ

ಮಾನ್ಯರೇ,

ಕಾರಿನ ಸುರಕ್ಷತೆಯ ಚರ್ಚೆ ಈಗೀಗ ‘ಏರ್‌ಬ್ಯಾಗ್ ಎಷ್ಟಿವೆ’ ಎಂಬಲ್ಲಿಗೇ ಮುಗಿದುಹೋಗುತ್ತಿದೆ. ಏರ್‌ಬ್ಯಾಗ್ ಬೇಕು, ಸರಿ. ಆದರೆ ಅದು ಸೀಟ್ ಬೆಲ್ಟಿನ ಜೊತೆ ಕೆಲಸ ಮಾಡಲು ರೂಪಿಸಿದ ಸಾಧನವೇ ಹೊರತು ಬೆಲ್ಟಿನ ಬದಲಿಗೆ ಅಲ್ಲ.

ಲೆಕ್ಕ ಸರಳ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದ ಕಾರಿನ ಮುಂಭಾಗ 60 ಸೆಂ.ಮೀ.ನಷ್ಟು ನಜ್ಜುಗುಜ್ಜಾಯಿತು ಎನ್ನಿ. ಬೆಲ್ಟ್ ಹಾಕಿಕೊಂಡವರ ದೇಹಕ್ಕೂ ನಿಲ್ಲಲು ಹೆಚ್ಚುಕಡಿಮೆ ಅಷ್ಟೇ ದೂರ ಸಿಗುತ್ತದೆ. ಆಗ 70 ಕೆ.ಜಿ. ತೂಕದವರ ಮೇಲೆ ಬೀಳುವ ಸರಾಸರಿ ಬಲ ಒಂದು ಟನ್ ಭಾರಕ್ಕಿಂತ ತುಸು ಹೆಚ್ಚು. ಎದೆಯ ಮೇಲೆ ಬರೆ ಬೀಳುತ್ತದೆ, ಪಕ್ಕೆಲುಬು ಮುರಿಯಲೂಬಹುದು, ಜೀವ ಉಳಿಯುತ್ತದೆ. ಬೆಲ್ಟ್ ಇಲ್ಲದವರು ಮಾತ್ರ ಕಾರು ನಿಂತರೂ ಅದೇ ವೇಗದಲ್ಲಿ ಮುಂದಕ್ಕೆ ಹೋಗಿ, ಡ್ಯಾಶ್‌ಬೋರ್ಡಿಗೋ ಗಾಜಿಗೋ ಅಪ್ಪಳಿಸಿ, 10 ಸೆಂ.ಮೀ. ಒಳಗೇ ನಿಂತರೆ ಬಲ ಆರು ಪಟ್ಟಾಗುತ್ತದೆ. ವೇಗ 50ರಿಂದ 70ಕ್ಕೆ ಏರಿದರೆ ಕರಗಿಸಬೇಕಾದ ಶಕ್ತಿಯೂ ಹತ್ತಿರಹತ್ತಿರ ದುಪ್ಪಟ್ಟು.

1959ರಲ್ಲಿ ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ, ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವಂತೆ ಮೂರು ಕಡೆ ಬಿಗಿದ ‘ಮೂರು ಬಿಂದುಗಳ’ ಬೆಲ್ಟಿನ ವಿನ್ಯಾಸವೇ ಇಂದಿಗೂ ಆಧಾರ. ಅದಕ್ಕೆ ಎರಡು ಭಾಗಗಳು ಆಮೇಲೆ ಸೇರಿಕೊಂಡವು. ಡಿಕ್ಕಿಯಾದ ಕೆಲವೇ ಮಿಲಿಸೆಕೆಂಡುಗಳಲ್ಲಿ ಸಣ್ಣ ಸಿಡಿಮದ್ದಿನ ಬಲದಿಂದ ಬೆಲ್ಟಿನ ಸಡಿಲವನ್ನು ಎಳೆದುಕೊಳ್ಳುವುದು ಪ್ರಿಟೆನ್ಷನರ್. ಎಳೆತ ಮಿತಿ ಮೀರಿದಾಗ ಬೆಲ್ಟನ್ನು ಸ್ವಲ್ಪಸ್ವಲ್ಪವೇ ಬಿಟ್ಟುಕೊಟ್ಟು ಎದೆಗೂಡನ್ನು ಕಾಯುವುದು ಲೋಡ್ ಲಿಮಿಟರ್. ಪ್ರಿಟೆನ್ಷನರ್ ಒಮ್ಮೆ ಸಿಡಿದರೆ ಮುಗಿಯಿತು, ಜೋಡಣೆಯನ್ನೇ ಬದಲಿಸಬೇಕು. ಡಿಕ್ಕಿಯ ನಂತರ ಬಂಪರಿಗೆ ಬಣ್ಣ ಹೊಡೆಸಿ ಬೆಲ್ಟನ್ನು ಹಾಗೇ ಬಿಡುವುದು ಅರೆಬರೆ ರಿಪೇರಿ.

ಇನ್ನು ಏರ್‌ಬ್ಯಾಗ್. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುತ್ತದೆ, ಉಬ್ಬಿದೊಡನೆ ರಂಧ್ರಗಳ ಮೂಲಕ ಗಾಳಿ ಬಿಡತೊಡಗುತ್ತದೆ. ಕಾರು ಮತ್ತೊಮ್ಮೆ ಗುದ್ದಿದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗಲೇ ಬೆಲ್ಟ್ ಇಲ್ಲದ ದೇಹ ಮುಂದಕ್ಕೆ ಜಾರಿರುತ್ತದೆ. ಆಗ ಚೀಲ ಉಬ್ಬುವುದು ಮುಖಕ್ಕೇ ಒತ್ತಿಕೊಂಡು. ಎದೆಗೂ ಸ್ಟೀರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂ.ಮೀ. ಅಂತರವಿರಲಿ ಎನ್ನುವುದು ಇದಕ್ಕಾಗಿಯೇ. ಚಾಲೂ ಇರುವ ಏರ್‌ಬ್ಯಾಗಿನ ಮುಂದೆ, ಹಿಮ್ಮುಖವಾಗಿ ಕೂರಿಸುವ ಮಕ್ಕಳ ಸೀಟನ್ನು ಯಾವ ಕಾರಣಕ್ಕೂ ಇಡಬಾರದು.

ಬೆಲ್ಟ್ ಹಾಕುವ ಕ್ರಮದಲ್ಲೂ ಎಡವಟ್ಟುಗಳಿವೆ. ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಗರ್ಭಿಣಿಯರಿಗಂತೂ ಹೊಟ್ಟೆಯ ಕೆಳಗೇ. ಮೇಲ್ಪಟ್ಟಿ ಭುಜದ ನಡುವಿನಿಂದ ಹಾಯಬೇಕು, ಕಂಕುಳ ಕೆಳಗಿನಿಂದಲ್ಲ. ಸೀಟನ್ನು ಹಿಂದಕ್ಕೆ ಒರಗಿಸಿ ಮಲಗಿದರೆ, ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಚಾಚಿದರೆ, ಡಿಕ್ಕಿಯಲ್ಲಿ ದೇಹ ಬೆಲ್ಟಿನಡಿ ನುಸುಳಿ ಕೆಳಪಟ್ಟಿ ಕರುಳು, ಯಕೃತ್ತುಗಳನ್ನು ಹಿಂಡುತ್ತದೆ. ಹಿಂದೆ ಕೂತವರಿಗೆ ಬೆಲ್ಟ್ ಬೇಡವೆಂಬ ನಂಬಿಕೆಯಂತೂ ಎರಡು ಜೀವಕ್ಕೆ ಎರವು, ಏಕೆಂದರೆ ಅವರು ಹೋಗಿ ಬೀಳುವುದು ಮುಂದಿನ ಸೀಟಿನವರ ಬೆನ್ನಿನ ಮೇಲೆ. ಹೆಡ್‌ರೆಸ್ಟ್ ತಲೆಯ ಎತ್ತರಕ್ಕೇ ಬರುವಂತೆ, ತಲೆಗೆ ಆದಷ್ಟು ಹತ್ತಿರದಲ್ಲಿರಲಿ.

ಸಿಟ್ಟು ಬರಿಸುವುದು ಅಲಂಕಾರದ ಸಾಮಾನುಗಳು. ಬೀಪ್ ಸದ್ದು ನಿಲ್ಲಿಸಲು ಬಕಲಿಗೆ ತುರುಕುವ ಖಾಲಿ ಕ್ಲಿಪ್ ಯಾವ ಜಾಣತನವೋ! ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಗಟ್ಟಿ ಹೊಲಿಗೆಯ ಕವರ್ ಹಾಕಿದರೆ ಚೀಲ ಹೊರಬರಲು ದಾರಿಯೇ ಇರುವುದಿಲ್ಲ. ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಮುಚ್ಚಳದ ಮೇಲೆ ಅಂಟಿಸಿದ ಗೊಂಬೆ ಅದು ಬಿಚ್ಚಿಕೊಂಡಾಗ ಕಲ್ಲಿನಂತೆ ಮುಖಕ್ಕೆ ಸಿಡಿಯುತ್ತದೆ. ಮುಂಭಾಗಕ್ಕೆ ಬಿಗಿಯುವ ಉಕ್ಕಿನ ಗಾರ್ಡ್ ನಜ್ಜಾಗಬೇಕಾದ ಭಾಗವನ್ನು ನಜ್ಜಾಗಲು ಬಿಡದೆ ಹೊಡೆತವನ್ನು ನೇರ ಚಾಸಿಗೆ ದಾಟಿಸುತ್ತದೆ. ಸೆನ್ಸರ್‌ಗಳ ಅಂದಾಜನ್ನೂ ಕೆಡಿಸಬಹುದು. ಪಾದಚಾರಿಗೆ ತಗುಲಿದರೆ ಆಗುವ ಗಾಯ ಬೇರೆ. ಇಗ್ನಿಷನ್ ಹಾಕಿದಾಗ ಹೊತ್ತಿ ಕೆಲ ಸೆಕೆಂಡಿನಲ್ಲಿ ಆರಬೇಕಾದ ಏರ್‌ಬ್ಯಾಗ್ ದೀಪ ಆರದಿದ್ದರೆ, ಅಥವಾ ಹೊತ್ತದೇ ಇದ್ದರೆ, ಕೂಡಲೇ ತಪಾಸಣೆ ಮಾಡಿಸಬೇಕು.

ಪತ್ರಿಕೆಯ ಹೊಸ ಕಾರುಗಳ ಪರಿಚಯದಲ್ಲಿ ಏರ್‌ಬ್ಯಾಗ್ ಸಂಖ್ಯೆಯ ಜೊತೆಗೆ ಇನ್ನೆರಡು ವಿವರ ಕೊಡಬೇಕೆಂದು ಕೋರುತ್ತೇವೆ: ಹಿಂದಿನ ನಡುಸೀಟಿಗೆ ಮೂರು ಬಿಂದುಗಳ ಬೆಲ್ಟ್ ಮತ್ತು ಹೆಡ್‌ರೆಸ್ಟ್ ಇವೆಯೇ? ಪ್ರಿಟೆನ್ಷನರ್ ಮುಂದಿನ ಸೀಟುಗಳಿಗೆ ಮಾತ್ರವೋ, ಹಿಂದಕ್ಕೂ ಇದೆಯೋ?